ಅರಿವಳಿಕೆಯ ಹಳೆಯ ತೊಂದರೆಯನ್ನು ಮುಚ್ಚಿಡಬೇಡಿ

ಪಿತ್ತಕೋಶದ ಕಲ್ಲಿನಿಂದ ಬಳಲುತ್ತಿದ್ದ ತಾಯಿಯೊಬ್ಬರು ಬಂದು, ಶಸ್ತ್ರಚಿಕಿತ್ಸೆ ಬೇಡ, ಕಷಾಯವನ್ನೇ ಕೊಡಿ ಎಂದು ಬೇಡಿಕೊಂಡರು. ಇಪ್ಪತ್ತು ವರ್ಷಗಳ ಹಿಂದೆ ಹೆರಿಗೆಯ ಶಸ್ತ್ರಕ್ರಿಯೆಯ ನಂತರ ನಾಲ್ಕೈದು ಗಂಟೆಗಳವರೆಗೆ ಅವರಿಗೆ ಸ್ವಂತ ಉಸಿರಾಟ ಮರಳಿರಲಿಲ್ಲವಂತೆ. ಗಂಡಾಂತರ ಕಳೆಯಿತು ಎಂದರೇ ಹೊರತು, ಯಾರೂ ಕಾರಣವನ್ನು ಬರೆದುಕೊಟ್ಟಿರಲಿಲ್ಲ.

ಇಂತಹ ಘಟನೆಯನ್ನು ವಿಧಿಯೆಂದು ಬಿಟ್ಟುಬಿಡಬಾರದು. ಇದಕ್ಕೆ ಹಲವು ಕಾರಣಗಳಿರಬಹುದು; ಮುಖ್ಯವಾದ ಮೂರನ್ನು ತಿಳಿಯೋಣ.

ಮೊದಲನೆಯದು ಕಿಣ್ವದ ಕೊರತೆ. ಸ್ನಾಯುಗಳನ್ನು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಔಷಧವನ್ನು ರಕ್ತದಲ್ಲಿರುವ ಸೂಡೋಕೋಲಿನೆಸ್ಟರೇಸ್ ಕಿಣ್ವವು ಕೆಲವೇ ನಿಮಿಷಗಳಲ್ಲಿ ವಿಭಜಿಸುತ್ತದೆ. ವಂಶಪಾರಂಪರ್ಯವಾಗಿ ಈ ಕಿಣ್ವ ತೀರ ಕಡಿಮೆಯಿದ್ದವರಲ್ಲಿ ಸ್ನಾಯುಗಳು ಗಂಟೆಗಟ್ಟಲೆ ನಿಶ್ಚಲವಾಗಿರುತ್ತವೆ. ದಕ್ಷಿಣ ಭಾರತದ ಆರ್ಯವೈಶ್ಯ ಸಮುದಾಯದಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ರಕ್ತಪರೀಕ್ಷೆಯಿಂದ ಇದನ್ನು ತಿಳಿಯಬಹುದು.

ಎರಡನೆಯದು ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ. ಸಕ್ಸಿನೈಲ್‌ಕೋಲಿನ್ ಅಥವಾ ಹ್ಯಾಲೋಥೇನ್‌ನಂತಹ ಅರಿವಳಿಕೆಗಳಿಂದ ಸ್ನಾಯುಗಳು ಬಿಗಿದು, ದೇಹದ ಉಷ್ಣತೆ ಅಪಾಯಕರವಾಗಿ ಏರುತ್ತದೆ. 1960ರಲ್ಲಿ ಮೆಲ್ಬರ್ನ್‌ನ ವೈದ್ಯರಾದ ಡೆನ್‌ಬರೋ ಮತ್ತು ಲವೆಲ್ ಇದನ್ನು ವರದಿ ಮಾಡಿದರು. ಕಾಲು ಮುರಿದುಕೊಂಡು ಬಂದ ತರುಣನೊಬ್ಬನಿಗೆ ಕಾಲಿಗಿಂತ ಅರಿವಳಿಕೆಯದೇ ಭಯ. ಅವನ ಹತ್ತು ಬಂಧುಗಳು ಈಥರ್ ಪಡೆದ ಮೇಲೆ ತೀರಿಕೊಂಡಿದ್ದರು. ಅವನು ಹೇಳಿದ ಆ ಮಾತಿನಿಂದಲೇ ರೋಗದ ವಂಶಸಂಬಂಧ ತಿಳಿಯಿತು. ಇಂದು ಇದಕ್ಕೆ ಡ್ಯಾಂಟ್ರೋಲಿನ್ ಎಂಬ ಔಷಧವಿದೆ.

ಮೂರನೆಯದು ತೀವ್ರ ಅಲರ್ಜಿ. ಪ್ರತಿಜೀವಕ, ಸ್ನಾಯು ಸಡಿಲಿಸುವ ಔಷಧ ಮುಂತಾದವುಗಳಿಂದ ರಕ್ತದೊತ್ತಡ ಕುಸಿಯಬಹುದು, ಮೈಮೇಲೆ ದದ್ದುಗಳೇಳಬಹುದು. ಘಟನೆಯಾಗಿ ಕೆಲವು ವಾರಗಳ ನಂತರ ತಜ್ಞರು ಚರ್ಮಪರೀಕ್ಷೆಯಿಂದ ಕಾರಣವನ್ನು ಹುಡುಕುತ್ತಾರೆ.

ಆಯುರ್ವೇದವು ದರ್ಶನ, ಸ್ಪರ್ಶನಗಳೊಂದಿಗೆ ಪ್ರಶ್ನೆಯನ್ನೂ ಪರೀಕ್ಷೆಯೆಂದೇ ಎಣಿಸಿದೆ. ಆದುದರಿಂದ ವೈದ್ಯರು ಕೇಳದಿದ್ದರೂ ನೀವೇ ಹೇಳಿರಿ. ಹಳೆಯ ಆಸ್ಪತ್ರೆಯಿಂದ ಅರಿವಳಿಕೆಯ ದಾಖಲೆಯನ್ನು ಕೇಳಿ ಪಡೆಯಿರಿ. ಶಸ್ತ್ರಚಿಕಿತ್ಸೆಗೆ ಹಲವು ದಿನಗಳ ಮೊದಲೇ ಅರಿವಳಿಕೆ ತಜ್ಞರನ್ನು ಕಾಣಿರಿ. ಬಂಧುಗಳಿಗೆ ಹೀಗಾಗಿದ್ದರೆ ಅದನ್ನೂ, ಅಶ್ವಗಂಧದಂತಹ ಗಿಡಮೂಲಿಕೆಗಳನ್ನು ಸೇವಿಸುತ್ತಿದ್ದರೆ ಅದನ್ನೂ ತಿಳಿಸಿರಿ.

ಆ ತಾಯಿಗೆ ಕಷಾಯದ ಬದಲು ಅರಿವಳಿಕೆ ತಜ್ಞರಿಗೊಂದು ಪತ್ರ ಬರೆದುಕೊಟ್ಟೆ. ಪರೀಕ್ಷೆಯಲ್ಲಿ ಕಿಣ್ವದ ಕೊರತೆ ಕಂಡುಬಂದಿತು. ಆ ಒಂದು ಔಷಧವನ್ನು ಬಿಟ್ಟು ಶಸ್ತ್ರಚಿಕಿತ್ಸೆ ಮಾಡಿದರು. ಅವರು ಸಕಾಲದಲ್ಲಿ ಎಚ್ಚರಗೊಂಡರು. ಬಳಿಕ ಒಡಹುಟ್ಟಿದವರನ್ನು ಪರೀಕ್ಷಿಸಿದಾಗ ತಮ್ಮನಲ್ಲಿಯೂ ಅದೇ ಕೊರತೆಯಿತ್ತು. ಈಗ ಇಬ್ಬರೂ ಆ ಔಷಧದ ಹೆಸರು ಬರೆದ ಚೀಟಿಯನ್ನು ಸದಾ ಜೊತೆಯಲ್ಲಿಟ್ಟುಕೊಳ್ಳುತ್ತಾರೆ.