ಬಿತ್ತಿದ ಮೀನು, ಬಿತ್ತದ ಮೀನು: ಬೆಳಗಾವಿ–ಖಾನಾಪುರದ ಗಾಳಪ್ರಿಯರಿಗೆ ಕೆಲವು ಸೂತ್ರಗಳು

ಭಾನುವಾರ ಬಂತೆಂದರೆ ಬೆಳಗಾವಿ–ಖಾನಾಪುರ ರಸ್ತೆಯಲ್ಲಿ ಬೈಕಿಗೆ ಗಾಳದ ಕೋಲು ಕಟ್ಟಿಕೊಂಡು ಹೊರಟ ಹುಡುಗರು ಕಾಣುತ್ತಾರೆ. ಸಂಜೆ ಬರಿಗೈಲಿ ಮರಳುವವರಲ್ಲಿ ಹೆಚ್ಚಿನವರ ತೊಂದರೆ ಗಾಳದ್ದೂ ಅಲ್ಲ, ಎರೆಹುಳುವಿನದ್ದೂ ಅಲ್ಲ. ತಾವು ಕೂತ ನೀರಿಗೆ ಮೀನು ಹೇಗೆ ಬಂತು ಎಂಬುದೇ ಅವರಿಗೆ ಗೊತ್ತಿರುವುದಿಲ್ಲ. ನಮ್ಮ ಕೆರೆಗಳಲ್ಲಿರುವುದು ಬಹುಪಾಲು ಬಿತ್ತಿದ ಮೀನು. ಮಲಪ್ರಭೆಯ ಮೇಲ್ಭಾಗದ ಹಳ್ಳ–ಮಡುಗಳಲ್ಲಿರುವುದು ಯಾರೂ ಬಿತ್ತದ ಮೀನು. ಎರಡನ್ನೂ ಹಿಡಿಯುವ ರೀತಿ ಬೇರೆ, ಎರಡರ ಋಣವೂ ಬೇರೆ.

1. ನೀರು ಯಾರದು ಎಂದು ಮೊದಲು ಕೇಳಿ

ದೊಡ್ಡ ಕೆರೆ, ಜಲಾಶಯಗಳ ಮೀನಿನ ಹಕ್ಕನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆಗೆ ಕೊಡುತ್ತದೆ; ಸಣ್ಣ ಕೆರೆಗಳದ್ದು ಗ್ರಾಮ ಪಂಚಾಯಿತಿಯ ಕೈಯಲ್ಲಿರುತ್ತದೆ. ಗುತ್ತಿಗೆ ಹಿಡಿದ ಮೀನುಗಾರರ ಸಹಕಾರ ಸಂಘವೋ, ಊರಿನ ಒಬ್ಬ ಮನುಷ್ಯನೋ ದುಡ್ಡು ಕೊಟ್ಟು ಮರಿ ತಂದು ಬಿಟ್ಟಿರುತ್ತಾನೆ. ಆ ಮೀನು ಅವನ ಹೊಲದ ಬೆಳೆ. ಕೇಳದೆ ಗಾಳ ಹಾಕಿದರೆ ಜಗಳವಾಗುವುದು ಸಹಜ, ಮತ್ತು ತಪ್ಪು ನಿಮ್ಮದೇ. ಕೇಳಿದರೆ ಸಾಮಾನ್ಯವಾಗಿ ಬೇಡ ಎನ್ನುವುದಿಲ್ಲ. ಸ್ವಲ್ಪ ಹಣ ತೆಗೆದುಕೊಂಡು ಜಾಗ ತೋರಿಸುವವರೂ ಇದ್ದಾರೆ. ಹೊಳೆಗೂ ನಿಯಮವಿದೆ: ಒಳನಾಡು ಮೀನುಗಾರಿಕೆಗೆಂದೇ ರಾಜ್ಯದಲ್ಲಿ 1996ರ ಕಾಯ್ದೆ ಇದೆ. ಯಾವ ಭಾಗಕ್ಕೆ ಪರವಾನಗಿ ಬೇಕೆಂದು ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಒಮ್ಮೆ ವಿಚಾರಿಸಿಕೊಂಡರೆ ವರ್ಷಪೂರ್ತಿ ನೆಮ್ಮದಿ.

2. ಕೆಲವು ನೀರನ್ನು ಪೂರ್ತಿ ಬಿಟ್ಟುಬಿಡಿ

ಖಾನಾಪುರ ತಾಲ್ಲೂಕಿನ ಭೀಮಗಡ 2011ರಿಂದ ವನ್ಯಜೀವಿ ಧಾಮ. ಅದರೊಳಗಿನ ಹಳ್ಳ, ಮಹದಾಯಿಯ ಮಡು ಯಾವುದರಲ್ಲೂ ಗಾಳ ಬೇಡ. ರಾಕಸಕೊಪ್ಪ ಜಲಾಶಯ ಬೆಳಗಾವಿಯ ಕುಡಿಯುವ ನೀರು. ಅಸೋಗಾದ ರಾಮಲಿಂಗೇಶ್ವರ, ಹಬ್ಬನಹಟ್ಟಿಯ ಆಂಜನೇಯ ಇಬ್ಬರೂ ಮಲಪ್ರಭೆಯ ದಂಡೆಯ ದೇವರು. ಗುಡಿಯ ಎದುರಿನ ನೀರಲ್ಲಿ ಮೀನು ಹಿಡಿದು ಊರವರ ಮನಸ್ಸು ನೋಯಿಸಬೇಡಿ.

3. ಮರಿ ಬಿಟ್ಟ ಲೆಕ್ಕ ತಿಳಿದುಕೊಳ್ಳಿ

ಎಲ್ಲಕ್ಕಿಂತ ಉಪಯೋಗದ ಸೂತ್ರ ಇದು. ಕಾಟ್ಲಾ, ರೋಹು, ಮೃಗಾಲ್ ಮೂರೂ ಗಂಗಾ ಬಯಲಿನ ಮೀನುಗಳು. ಹರಿಯುವ ಹೊಸ ನೀರು ಸಿಗದೆ ಅವು ಮೊಟ್ಟೆ ಇಡುವುದಿಲ್ಲ. ಕೆರೆಯ ನಿಂತ ನೀರಿನಲ್ಲಿ ಬೆಳೆಯುತ್ತವೆ, ವಂಶ ಬೆಳೆಸುವುದಿಲ್ಲ. ಹಾಗಾಗಿ ಮರಿಗಳನ್ನು ಮತ್ತೆ ಮತ್ತೆ ಬಿಡಲೇಬೇಕು. ಹಿಂದೆ ಆ ಮರಿಗಳನ್ನು ನದಿಗಳಲ್ಲಿ ಸೋಸಿ ಹಿಡಿದು ತರಬೇಕಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲದಲ್ಲಿ ವಿಜ್ಞಾನಿಗಳಾದ ಹೀರಾಲಾಲ್ ಚೌಧರಿ ಮತ್ತು ಕೆ.ಎಚ್. ಅಲಿಕುಂಞಿ ಅವರು ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚುಮದ್ದಾಗಿ ಕೊಟ್ಟು ಗೆಂಡೆ ಮೀನುಗಳು ಮೊಟ್ಟೆ ಇಡುವಂತೆ ಮಾಡಿದರು. ಇಂದು ಬಿ.ಆರ್. ಪ್ರಾಜೆಕ್ಟ್‌ನಂಥ ಮೀನುಮರಿ ಕೇಂದ್ರಗಳು ನಡೆಯುತ್ತಿರುವುದು ಅದೇ ವಿದ್ಯೆಯ ಮೇಲೆ. ಜುಲೈ 10ನ್ನು ದೇಶ ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸುತ್ತದೆ.

ನಮ್ಮಲ್ಲಿ ಮರಿ ಬಿಡುವುದು ಮಳೆ ಹಿಡಿದು ಕೆರೆಗೆ ನೀರು ಬಂದ ಮೇಲೆ. ಯಾವ ಜಾತಿ, ಯಾವ ತಿಂಗಳು, ಎಷ್ಟು ದೊಡ್ಡ ಮರಿ ಎಂದು ಸಂಘದವರನ್ನು ಕೇಳಿ. ಮೇವು ಚೆನ್ನಾಗಿರುವ ಕೆರೆಯಲ್ಲಿ ಕಾಟ್ಲಾ ವರ್ಷದೊಳಗೆ ಕಿಲೋದ ಹತ್ತಿರ ಬರುತ್ತದೆ. ಮರಿ ಬಿಟ್ಟು ಎರಡೇ ತಿಂಗಳಾದ ಕೆರೆಯಲ್ಲಿ ಗಾಳ ಹಾಕಿದರೆ ಬೆರಳುದ್ದದ ಮರಿಗಳನ್ನು ಗಾಯ ಮಾಡುವುದಷ್ಟೇ ಆಗುತ್ತದೆ. ಕಳೆದ ವರ್ಷ ಮರಿ ಬಿಟ್ಟು ಇನ್ನೂ ಬಲೆ ಎಳೆಯದ ಕೆರೆಯನ್ನು ಹುಡುಕಿ.

4. ಜಾತಿ ನೋಡಿ ಆಳ ಇಡಿ

ಈ ಮೀನುಗಳನ್ನು ಒಂದೇ ಕೆರೆಯಲ್ಲಿ ಸೇರಿಸಿ ಬಿಡುವುದಕ್ಕೆ ಕಾರಣವಿದೆ: ಕಾಟ್ಲಾ ಮೇಲಿನ ನೀರಿನಲ್ಲಿ ಮೇಯುತ್ತದೆ, ರೋಹು ನಡುವಿನಲ್ಲಿ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದ ಕೆಸರಿನಲ್ಲಿ. ಹುಲ್ಲುಗೆಂಡೆ ದಂಡೆಯ ಕಳೆ ತಿನ್ನುತ್ತದೆ. ಸಾಕುವವನ ಈ ಲೆಕ್ಕವೇ ನಿಮಗೆ ನಕ್ಷೆ. ಕಾಟ್ಲಾ ಬೇಕಾದರೆ ಬೆಂಡನ್ನು ಗಾಳದ ಹತ್ತಿರಕ್ಕೆ ಸರಿಸಿ. ಗೆಂಡೆ ಬೇಕಾದರೆ ಸೀಸದ ಗುಂಡು ಹಾಕಿ ತಳಕ್ಕೆ ಬಿಡಿ. ತಳದಿಂದ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಿದ್ದರೆ ಅಲ್ಲಿ ಗೆಂಡೆ ಕೆಸರು ಕೆದಕುತ್ತಿರಬಹುದು. ಅದಕ್ಕಿಂತ ಒಂದೆರಡು ಮಾರು ಆಚೆ ಹಾಕಿ, ಸದ್ದಿಲ್ಲದೆ ಎಳೆದುಕೊಳ್ಳಿ.

5. ಮೇವು ಅಡುಗೆಮನೆಯಲ್ಲೇ ಇದೆ

ಶೇಂಗಾ ಹಿಂಡಿ, ಅಕ್ಕಿ ತೌಡು, ಗೋಧಿ ಹಿಟ್ಟು ಕಲಸಿದ ಉಂಡೆ ಗೆಂಡೆ ಜಾತಿಗೆಲ್ಲ ಸಾಕು. ಸಾಕಿದ ಮೀನಿಗೆ ಹಿಂಡಿ–ತೌಡಿನ ರುಚಿ ಗೊತ್ತಿರುತ್ತದೆ. ಉಂಡೆ ನೀರಿನಲ್ಲಿ ಹತ್ತು ನಿಮಿಷ ನಿಲ್ಲುವಷ್ಟು ಗಟ್ಟಿಯಿರಲಿ. ಹೊಳೆಗೆ ಎರೆಹುಳು ಮೇಲು. ಕೂತ ಜಾಗಕ್ಕೆ ಮೊದಲೇ ಸ್ವಲ್ಪ ತೌಡು ಎರಚಿ ಕಾಯಿರಿ, ಆದರೆ ಬುಟ್ಟಿಗಟ್ಟಲೆ ಸುರಿಯಬೇಡಿ. ಉಳಿದದ್ದು ಕೊಳೆತು ನೀರು ಕೆಡುತ್ತದೆ.

6. ಗಾಳ ಒಂದೇ ಇರಲಿ

ಐದಾರು ಕೊಕ್ಕೆಗಳನ್ನು ಒಂದೇ ಉಂಡೆಯ ಸುತ್ತ ಕಟ್ಟುವ ಗೊಂಚಲು ಗಾಳ ನನಗೆ ಒಪ್ಪಿಗೆಯಿಲ್ಲ. ಅದು ಮೀನಿನ ಕಣ್ಣು, ಕಿವಿರು, ಹೊಟ್ಟೆ ಎಲ್ಲೆಂದರಲ್ಲಿ ಚುಚ್ಚುತ್ತದೆ; ದಾರ ಹರಿದು ಹೋದರೆ ಆ ಮೀನು ಉಳಿಯುವುದು ಕಷ್ಟ. ಒಂದು ಸಣ್ಣ ಚೂಪಾದ ಗಾಳ, ಅದರ ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ್ದು, ಕಲಿಯುವವನಿಗೆ ಬೇಕಾದಷ್ಟಾಯಿತು. ದಾರ ಸಡಿಲ ಬಿಡದೆ ಹಿಡಿದರೆ ಮೀನು ತಪ್ಪುವುದಿಲ್ಲ.

7. ಹೊತ್ತು ಅರಿತು ಕೂರಿ

ಬೇಸಿಗೆಯಲ್ಲಿ ಬೆಳಗಿನ ಜಾವ ಮತ್ತು ಸಂಜೆ. ಬೆಳಗಾವಿಯ ಡಿಸೆಂಬರ್ ಚಳಿಯಲ್ಲಿ ಗೆಂಡೆ ಮಂಕಾಗಿರುತ್ತದೆ. ಬಿಸಿಲು ಏರಿ ದಂಡೆಯ ನೀರು ಬೆಚ್ಚಗಾದ ಮೇಲೆ ಹೋಗಿ. ಮುಂಗಾರಿನ ಮೊದಲ ಪ್ರವಾಹದಲ್ಲಿ ಮಾತ್ರ ಗಾಳ ಮಡಿಸಿಡಿ. ಹೊಳೆ ಹುಟ್ಟುವ ಕಣಕುಂಬಿಯಲ್ಲಿ ಮಳೆ ಬಿದ್ದರೆ ಖಾನಾಪುರದಲ್ಲಿ ಬಿಸಿಲಿದ್ದರೂ ಮಲಪ್ರಭೆ ಏರುತ್ತಾಳೆ, ನಡುಬಂಡೆಯ ಮೇಲೆ ಕೂತವನಿಗೆ ದಾರಿ ಇರುವುದಿಲ್ಲ. ಜೊತೆಗೆ ಅದು ಹೊಳೆಯ ಮೀನು ಮೊಟ್ಟೆ ಹೊತ್ತು ಮೇಲಕ್ಕೆ ಹತ್ತುವ ಕಾಲ. ಬಿತ್ತದ ಮೀನಿಗೆ ಬೇರೆ ಬಿತ್ತನೆ ಕೇಂದ್ರವಿಲ್ಲ. ಆ ಹತ್ತುವ ಮೀನೇ ಅದರ ಬೀಜ.

8. ಕೆಂಪು ಮರಿಗಳ ಗುಂಪು ಕಂಡರೆ ಕೈ ತಡೆಯಿರಿ

ಕೊರವ ಮೀನು ನೀರಿನ ಮೇಲೆ ಬಂದು ಗಾಳಿ ಎಳೆಯುತ್ತದೆ, ಬೊಂಬೆ ಕಪ್ಪೆಗೂ ಹಾರಿ ಬೀಳುತ್ತದೆ. ಹಾಗಾಗಿ ಗಾಳಪ್ರಿಯರಿಗೆ ಅದರ ಮೇಲೆ ಆಸೆ ಹೆಚ್ಚು. ಕಿತ್ತಳೆಗೆಂಪು ಮರಿಗಳು ಮುದ್ದೆಯಾಗಿ ಈಜುತ್ತಿದ್ದರೆ ಕೆಳಗೆ ತಂದೆ–ತಾಯಿ ಕಾವಲಿರುತ್ತವೆ. ಆಗ ಅವು ಏನು ಹಾಕಿದರೂ ಸಿಟ್ಟಿನಿಂದ ಕಚ್ಚುತ್ತವೆ. ಹಿಡಿಯುವುದು ಸುಲಭ, ಹಿಡಿದರೆ ಕಾವಲಿಲ್ಲದ ಮರಿಗಳು ಬೇರೆ ಮೀನಿನ ಬಾಯಿಗೆ ಹೋಗುತ್ತವೆ.

9. ನೀವಾಗಿ ಮೀನು ತಂದು ಬಿಡಬೇಡಿ

ಹೊಳೆಗೆ ನಾಲ್ಕು ಮರಿ ಬಿಟ್ಟರೆ ಪುಣ್ಯ ಎಂಬ ಭಾವನೆ ಇದೆ. ಕಾವೇರಿಯಲ್ಲಿ ಆದದ್ದನ್ನು ಕೇಳಿ. ನೀಲಿ ರೆಕ್ಕೆಯ ಮಹಶೀರ್ ಮೀನು ಮೂಲತಃ ನಮ್ಮ ಕೃಷ್ಣಾ ಕಣಿವೆಯದು. 1839ರಲ್ಲಿ ಸೈಕ್ಸ್ ಎಂಬ ಬ್ರಿಟಿಷ್ ಅಧಿಕಾರಿ ಅದನ್ನು ಮೊದಲು ವಿವರಿಸಿದ್ದು ಪುಣೆಯ ಮುಳಾ–ಮುಠಾ ನದಿಯಿಂದ. ಲೋಣಾವಳದ ಟಾಟಾ ಕಂಪನಿಯ ಮೀನುಮರಿ ಕೇಂದ್ರದಲ್ಲಿ ಅದರ ಮರಿಗಳನ್ನು ಬೆಳೆಸಿ, ಒಳ್ಳೆಯ ಉದ್ದೇಶದಿಂದಲೇ ಕಾವೇರಿಗೂ ಬಿಟ್ಟರು. ಅದು ಅಲ್ಲಿ ಹೆಚ್ಚುತ್ತ ಹೋಯಿತು. ಕಾವೇರಿಯದೇ ಆದ, ಕಿತ್ತಳೆ ರೆಕ್ಕೆಯ ಡುಬ್ಬದ ಮಹಶೀರ್ ಕುಸಿಯಿತು. 2018ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಅದನ್ನು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಈ ಬದಲಾವಣೆ ಬೆಳಕಿಗೆ ಬಂದದ್ದು ಕಾವೇರಿ ದಂಡೆಯ ಗಾಳದ ಕ್ಯಾಂಪಿನವರು ವರ್ಷಗಟ್ಟಲೆ ಬರೆದಿಟ್ಟ ಲೆಕ್ಕದಿಂದ. ನೀವೂ ಒಂದು ನೋಟ್‌ಬುಕ್ ಇಡಿ: ದಿನ, ಜಾಗ, ಜಾತಿ, ಉದ್ದ.

ಮಲಪ್ರಭೆಗೂ ಇದೇ ಮಾತು. ಅಕ್ವೇರಿಯಂ ಮೀನು, ತಿಲಾಪಿಯಾ, ಸರ್ಕಾರವೇ ನಿಷೇಧಿಸಿರುವ ಆಫ್ರಿಕನ್ ಕ್ಯಾಟ್‌ಫಿಶ್ ಯಾವುದನ್ನೂ ಬಿಡಬೇಡಿ.

10. ಬಿಡುವ ಮೀನನ್ನು ಬದುಕುವಂತೆ ಬಿಡಿ

ಕೈ ಒದ್ದೆ ಮಾಡಿ ಮುಟ್ಟಿ. ಒಣಕೈ ಮೈಮೇಲಿನ ಲೋಳೆಯನ್ನು ಒರೆಸಿಬಿಡುತ್ತದೆ, ಆಮೇಲೆ ರೋಗ ತಗಲುತ್ತದೆ. ಫೋಟೋ ಬೇಕಾದರೆ ನೀರಿನ ಪಕ್ಕದಲ್ಲೇ, ಒಂದೇ.

11. ವಿಷ, ಸಿಡಿಮದ್ದು ಕಂಡರೆ ಸುಮ್ಮನಿರಬೇಡಿ

1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಇವೆರಡನ್ನೂ ಅಪರಾಧ ಎಂದಿದೆ. ಬೇಸಿಗೆಯಲ್ಲಿ ಹಳ್ಳ ಬತ್ತಿ ಉಳಿದ ಮಡುವಿಗೆ ಒಂದು ಪೊಟ್ಟಣ ಬ್ಲೀಚಿಂಗ್ ಪುಡಿ ಬಿದ್ದರೆ ಆ ಹಳ್ಳದ ಮುಂದಿನ ಮಳೆಗಾಲದ ಸಂತಾನವೆಲ್ಲ ಮುಗಿಯಿತು. ಪೊಲೀಸರಿಗೋ ಇಲಾಖೆಗೋ ತಿಳಿಸಿ. ನಸುಕಿನಲ್ಲಿ ಕೆರೆಯ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದು ಹಸಿವಲ್ಲ, ನೀರಿನಲ್ಲಿ ಆಮ್ಲಜನಕ ಇಲ್ಲದಿರುವುದು. ಆಗ ಗಾಳ ಹಾಕದೆ ಗುತ್ತಿಗೆದಾರನಿಗೆ ಫೋನ್ ಮಾಡಿ.

12. ಮರಿ ಬಿಡುವ ದಿನ ಹೋಗಿ

ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಮರಿ ಬರುತ್ತದೆ. ಬಂದ ಕೂಡಲೇ ಸುರಿದರೆ ನೀರಿನ ಬಿಸಿಯ ವ್ಯತ್ಯಾಸಕ್ಕೇ ಎಷ್ಟೋ ಸಾಯುತ್ತವೆ. ಕಟ್ಟಿದ ಚೀಲವನ್ನು ಕಾಲು ಗಂಟೆ ಕೆರೆಯಲ್ಲೇ ತೇಲಿಸಿ, ಆಮೇಲೆ ಬಾಯಿ ಬಿಚ್ಚಿ, ಕೆರೆಯ ನೀರು ಸ್ವಲ್ಪ ಸ್ವಲ್ಪ ಸೇರಿಸಿ, ಮರಿಗಳು ತಾವಾಗಿ ಹೊರಬರಲು ಬಿಡಬೇಕು. ಅದಕ್ಕೆ ತಾಳ್ಮೆಯ ಕೈಗಳು ಬೇಕು, ಗಾಳ ಹಿಡಿದು ಗಂಟೆಗಟ್ಟಲೆ ಕೂರುವವರಲ್ಲಿ ಆ ತಾಳ್ಮೆ ಇದೆ. ಈ ಮಳೆಗಾಲ ನಿಮ್ಮ ಹತ್ತಿರದ ಕೆರೆಗೆ ಮರಿ ಬರುವುದು ಯಾವತ್ತು ಎಂದು ಸಂಘದವರನ್ನು ಈಗಲೇ ಕೇಳಿಡಿ. ಆ ದಿನ ಕೋಲು ಮನೆಯಲ್ಲಿ ಬಿಟ್ಟು, ಚೀಲ ಹಿಡಿಯಲು ಹೋಗಿ.