ಮೊಲಕ್ಕೆ ಹಣ್ಣು: ನಾಲಿಗೆಗೆ ಸರಿ, ಹೊಟ್ಟೆ ತುಂಬಿಸಲು ಅಲ್ಲ

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ಕೆ.ಜಿ. ತೂಗುವ, ಎರಡು ವರ್ಷದ ಮೊಲವಿದೆ. ಬಾಳೆಹಣ್ಣು, ಸೇಬು ಎಂದರೆ ಅದಕ್ಕೆ ಪ್ರಾಣ. ಮಕ್ಕಳು ತಾವು ತಿನ್ನುವಾಗಲೆಲ್ಲ ಅದಕ್ಕೂ ಕೊಡುತ್ತಾರೆ. ಈಚೆಗೆ ಹುಲ್ಲನ್ನು ಮೂಸಿ ಬಿಟ್ಟುಬಿಡುತ್ತದೆ. ಹಿಂಭಾಗಕ್ಕೆ ಮೆತ್ತನೆಯ ಹಿಕ್ಕೆ ಅಂಟಿರುತ್ತದೆ. ಯಾವ ಹಣ್ಣು ಕೊಡಬಹುದು, ಯಾವುದು ಕೂಡದು?

ಉತ್ತರ: ಹಣ್ಣು ಯಾವುದು ಎನ್ನುವುದಕ್ಕಿಂತ ಅದು ಯಾವುದರ ಜಾಗ ಹಿಡಿಯಿತು ಎಂಬುದು ಮುಖ್ಯ. ನಿಮ್ಮ ಮೊಲದಲ್ಲಿ ಅದು ಹುಲ್ಲಿನ ಜಾಗ ಹಿಡಿದಂತಿದೆ. ಮೊಲದ ಹಿಕ್ಕೆ ಎರಡು ಬಗೆ. ಒಂದು ಕಡಲೆಕಾಳಿನಂತೆ ದುಂಡಗಿನದು, ಒಣಗಿದ್ದು, ಹಿಸುಕಿದರೆ ಹುಲ್ಲಿನ ಪುಡಿಯಾಗುವಂಥದ್ದು. ಇನ್ನೊಂದು ಪುಟ್ಟ ದ್ರಾಕ್ಷಿ ಗೊಂಚಲಿನಂತೆ ಒಂದಕ್ಕೊಂದು ಅಂಟಿದ, ಲೋಳೆಯಿಂದ ಹೊಳೆಯುವ ಮೆತ್ತನೆಯದು. ಇದು ತಯಾರಾಗುವುದು ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವಲ್ಲಿರುವ ಸೀಕಮ್ ಎಂಬ ಚೀಲದಲ್ಲಿ. ಅಲ್ಲಿನ ಸೂಕ್ಷ್ಮಜೀವಿಗಳು ನಾರನ್ನು ಹುದುಗಿಸಿ ಪ್ರೋಟೀನ್, ಬಿ ವಿಟಮಿನ್ ತಯಾರಿಸುತ್ತವೆ. ಮೊಲ ಆ ಹಿಕ್ಕೆಗೆ ನೇರವಾಗಿ ಬಾಯಿ ಹಾಕಿ ತಿನ್ನುವುದರಿಂದ ಅದು ನಮ್ಮ ಕಣ್ಣಿಗೆ ಬೀಳುವುದೇ ಅಪರೂಪ. ಸಕ್ಕರೆ ಹೆಚ್ಚಿ ನಾರು ಕಡಿಮೆಯಾದರೆ ಸೂಕ್ಷ್ಮಜೀವಿಗಳ ಸಮತೋಲ ತಪ್ಪಿ ಹಿಕ್ಕೆ ಅಂಟಂಟಾಗುತ್ತದೆ, ಹೊಟ್ಟೆ ತುಂಬಿದ ಮೊಲ ಅದನ್ನು ತಿನ್ನದೆ ಬಿಡುತ್ತದೆ. 50 ಗ್ರಾಂ ಬಾಳೆಹಣ್ಣಿನಲ್ಲಿ ಸುಮಾರು 6 ಗ್ರಾಂ ಸಕ್ಕರೆ ಇರುತ್ತದೆ. ತೂಕದ ಲೆಕ್ಕದಲ್ಲಿ ನಿಮ್ಮ ಮೊಲ ಅಷ್ಟು ತಿಂದರೆ, 60 ಕೆ.ಜಿ.ಯ ಮನುಷ್ಯ ಒಂದೂವರೆ ಕೆ.ಜಿ. ಬಾಳೆಹಣ್ಣು ತಿಂದಂತೆ.

ಅಷ್ಟು ಆಸೆಪಟ್ಟು ತಿನ್ನುತ್ತದಲ್ಲ, ದೇಹಕ್ಕೆ ಬೇಕಾಗಿಯೇ ತಾನೇ ಎಂದು ಕೇಳಬಹುದು. ಸಾಕುಮೊಲದ ಪೂರ್ವಜರು ಸ್ಪೇನ್, ಪೋರ್ಚುಗಲ್ ಕಡೆಯ ಹುಲ್ಲುಗಾವಲಿನವರು. ಸಿಹಿ ಅಪರೂಪವಾಗಿದ್ದಲ್ಲಿ ಸಿಕ್ಕಾಗ ಬಾಚಿ ತಿನ್ನುವುದು ಲಾಭವೇ ಆಗಿತ್ತು. ದಿನವೂ ಬಟ್ಟಲಲ್ಲಿ ಸಿಹಿ ಸಿಗುವ ಮನೆಯಲ್ಲಿ ಅದೇ ಆಸೆ ಮುಳುವಾಗುತ್ತದೆ. ವಿಟಮಿನ್ ಸಿಗಾಗಿ ಹಣ್ಣು ಬೇಕೆಂಬ ವಾದವೂ ನಿಲ್ಲದು. ಗಿನಿಪಿಗ್‌ಗೆ ಅದನ್ನು ಹೊರಗಿನಿಂದ ಕೊಡಬೇಕು, ಮೊಲವಾದರೋ ತನ್ನ ದೇಹದಲ್ಲೇ ತಯಾರಿಸಿಕೊಳ್ಳುತ್ತದೆ. ಹೊಟ್ಟೆಯಲ್ಲಿ ಸೇರಿದ ಕೂದಲನ್ನು ಪಪ್ಪಾಯಿ, ಅನಾನಸ್ ಕರಗಿಸುತ್ತವೆ ಎಂಬ ಮಾತು ಬಹಳ ಬಳಕೆಯಲ್ಲಿದೆ. ಅವುಗಳ ಕಿಣ್ವ ಕೂದಲನ್ನು ಕರಗಿಸದು. ಕೂದಲು ಗಂಟಾಗುವುದು ಕರುಳಿನ ಚಲನೆ ನಿಧಾನವಾದಾಗ, ಆ ಚಲನೆಯನ್ನು ಕಾಯುವುದು ನಾರು ಮತ್ತು ನೀರು. ಜೀವನಪೂರ್ತಿ ಬೆಳೆಯುವ ಹಲ್ಲು ಸವೆಯಲೂ ಹುಲ್ಲನ್ನೇ ಅಗಿಯಬೇಕು.

ಹಾಗೆಂದು ಹಣ್ಣು ವಿಷವಲ್ಲ. ಈಗ ಎರಡು ವಾರ ಪೂರ್ತಿ ನಿಲ್ಲಿಸಿ. ಗರಿಕೆ, ಒಣಗಿಸಿದ ಹುಲ್ಲು, ನೀರು ಸದಾ ಎದುರಿಗಿರಲಿ. ಆಹಾರದಲ್ಲಿ ಶೇ 80ಕ್ಕೂ ಹೆಚ್ಚು ಪಾಲು ಹುಲ್ಲಿನದೇ ಇರಬೇಕು. ಹಿಕ್ಕೆ ಗಟ್ಟಿಯಾದ ಮೇಲೆ ವಾರಕ್ಕೆ ಎರಡು ಸಲ, ಸಲಕ್ಕೆ ಒಂದೆರಡು ಟೀ ಚಮಚದಷ್ಟು ಹೆಚ್ಚಿದ ಸೇಬು, ಪಪ್ಪಾಯಿ ಅಥವಾ ಸೀಬೆ ಸಾಕು. ಹೊಸ ಹಣ್ಣನ್ನು ಒಂದೊಂದಾಗಿಯೇ ಪರೀಕ್ಷಿಸಿ. ಸೇಬಿನ ಬೀಜದಲ್ಲಿ ಸಯನೈಡ್ ಬಿಡುಗಡೆ ಮಾಡುವ ವಸ್ತುವಿದೆ, ತೆಗೆದುಬಿಡಿ. ಬೆಣ್ಣೆಹಣ್ಣು ಮೊಲಕ್ಕೆ ವಿಷ, ಕೂಡದೇ ಕೂಡದು. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ ಇರುವ ಒಣದ್ರಾಕ್ಷಿಯೂ ಬೇಡ. ಮೊಲದ ಚಿತ್ರದಲ್ಲೆಲ್ಲ ಕಾಣುವ ಕ್ಯಾರೆಟ್ ಗಡ್ಡೆಯನ್ನೂ ಹಣ್ಣಿನ ಲೆಕ್ಕಕ್ಕೇ ಸೇರಿಸಿ. ಮೂರು ತಿಂಗಳೊಳಗಿನ ಮರಿಗೆ ಹಣ್ಣು ಬೇಡ. ಮಕ್ಕಳ ಖುಷಿ ಕಸಿಯಬೇಕೇ ಎಂದರೆ, ಬೇಡ. ಅವರ ಕೈಗೆ ಕೊತ್ತಂಬರಿ ಸೊಪ್ಪಿನ ಕಡ್ಡಿ ಕೊಡಿ. ಮೊಲ ಅದಕ್ಕೂ ಓಡಿಬರುತ್ತದೆ.

ಒಂದು ಎಚ್ಚರಿಕೆ. ಹುಲ್ಲು ಬಿಟ್ಟು ಮೆತ್ತಗಿನದ್ದನ್ನೇ ಆರಿಸಿ ತಿನ್ನುವುದು ದವಡೆಹಲ್ಲಿನ ನೋವಿನ ಲಕ್ಷಣವೂ ಹೌದು. ಹಣ್ಣು ನಿಲ್ಲಿಸಿ ಎರಡು ದಿನವಾದರೂ ಹುಲ್ಲಿಗೆ ಸರಿಯಾಗಿ ಬಾಯಿ ಹಾಕದಿದ್ದರೆ ಪಶುವೈದ್ಯರಿಂದ ಹಲ್ಲು ನೋಡಿಸಿ. ಹಿಂಭಾಗವನ್ನು ದಿನವೂ ಒರೆಸಿ ಒಣಗಿಸಿ. ಒದ್ದೆಯಾದಲ್ಲಿ ನೊಣ ಮೊಟ್ಟೆಯಿಟ್ಟರೆ ಹುಳುಗಳು ಚರ್ಮವನ್ನೇ ಕೊರೆಯುತ್ತವೆ. ಇನ್ನು ಏನನ್ನೂ ತಿನ್ನದೆ, ಹಿಕ್ಕೆಯನ್ನೂ ಹಾಕದೆ 12 ಗಂಟೆ ಕಳೆದರೆ ಕರುಳಿನ ಚಲನೆ ನಿಂತಿರಬಹುದು. ಮೊಲಕ್ಕೆ ವಾಂತಿ ಮಾಡಿಕೊಳ್ಳಲು ಬರುವುದಿಲ್ಲ. ಮನೆಮದ್ದಿನಲ್ಲಿ ಹೊತ್ತು ಕಳೆಯದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ.