ತಾಮ್ರದ ತೆರೆದ ಗಣಿ

ನಮ್ಮ ಮನೆಯ ಹಂಡೆ ತಂಬಿಗೆಗಳಲ್ಲಿರುವ ತಾಮ್ರವೆಂಬ ಲೋಹವು ನೆಲದೊಳಗೆ ಹೇಗೆ ಕೂಡುತ್ತದೆ, ಮನುಷ್ಯರು ಅದನ್ನು ಹೇಗೆ ತೆಗೆಯುತ್ತಾರೆ ಎಂಬದನ್ನು ಈ ಪಾಠದಲ್ಲಿ ವಿಚಾರಿಸುವೆವು. ದೃಷ್ಟಾಂತಕ್ಕಾಗಿ ಅಮೇರಿಕದ ಯೂಟಾ ಸೀಮೆಯ ಬಿಂಗ್‌ಹ್ಯಾಮ್ ಕಣಿವೆಯ ಗಣಿಯನ್ನು ತೆಗೆದುಕೊಳ್ಳೋಣ.

ಸುಮಾರು 3 ಕೋಟಿ 80 ಲಕ್ಷ ವರುಷಗಳ ಹಿಂದೆ ಅಲ್ಲಿ ಭೂಗರ್ಭದ ಕರಗಿದ ಶಿಲಾರಸವು ಮೇಲಕ್ಕೆ ನುಗ್ಗಿ, ನೆಲದೊಳಗೇ ಆರಿ ಗಟ್ಟಿಯಾಯಿತು. ಆರುವಾಗ ಅದರೊಳಗಿಂದ ಹೊರಟ ಬಿಸಿನೀರು ತಾಮ್ರವನ್ನೂ ಗಂಧಕವನ್ನೂ ಹೊತ್ತುಕೊಂಡು ಬಂಡೆಯ ಸಣ್ಣ ಸೀಳುಗಳಲ್ಲಿ ಹರಿಯಿತು. ನೀರು ತಣಿದಂತೆ ತಾಮ್ರವು ಗಂಧಕದೊಡನೆಯೂ ಕಬ್ಬಿಣದೊಡನೆಯೂ ಕೂಡಿ ಕಣಕಣವಾಗಿ ನಿಂತಿತು. ಆದಕಾರಣ ಅದು ಒಂದೇ ಕಡೆಯಲ್ಲಿ ಗಟ್ಟಿಯಾಗಿರದೆ, ಹಿಟ್ಟಿನಲ್ಲಿ ಉಪ್ಪು ಬೆರೆತ ಹಾಗೆ ಬೆಟ್ಟದಲ್ಲೆಲ್ಲಾ ಬೆರೆತಿತ್ತು.

1899ರಲ್ಲಿ ಡೇನಿಯಲ್ ಜ್ಯಾಕ್ಲಿಂಗ್ ಎಂಬವನು ಜೊತೆಗಾರನೊಂದಿಗೆ ಈ ಕಲ್ಲನ್ನು ಪರೀಕ್ಷಿಸಿದಾಗ, ನೂರು ಪಾಲಿನಲ್ಲಿ ಸುಮಾರು 2 ಪಾಲು ಮಾತ್ರ ತಾಮ್ರ ಕಂಡಿತು. ಇಷ್ಟು ಬಡ ಕಲ್ಲಿನಿಂದ ಲಾಭವಾಗದೆಂದು ಬಲ್ಲವರು ಸಂದೇಹಪಟ್ಟರು. ಆದರೆ ಸುರಂಗ ತೋಡದೆ ಬೆಟ್ಟವನ್ನೇ ಮೇಲಿನಿಂದ ಅಗೆದರೆ ಕಾರ್ಯ ಸಾಧಿಸುವದೆಂದು ಅವನು ತಿಳಿದನು. 1906ರಲ್ಲಿ ಉಗಿಯ ಯಂತ್ರಗಳು ಅಗೆಯತೊಡಗಿದವು. ಮೇಲಿನ ಬರಿಗಲ್ಲನ್ನು ತೆಗೆದು, ತೂತು ಕೊರೆದು, ಸಿಡಿಮದ್ದಿನಿಂದ ಬಂಡೆಯನ್ನು ಒಡೆದು, ಮೆಟ್ಟಲು ಮೆಟ್ಟಲಾಗಿ ಕೆಳಗಿಳಿದರು. ಒಡೆದ ಕಲ್ಲನ್ನು ನುಣ್ಣಗೆ ಅರೆದು, ನೀರಿನಲ್ಲಿ ನೊರೆಯೆಬ್ಬಿಸಿ ತಾಮ್ರದ ಕಣಗಳನ್ನು ಬೇರ್ಪಡಿಸಿ, ಕುಲುಮೆಯಲ್ಲಿ ಕರಗಿಸುತ್ತಾರೆ. ಈಗ ಆ ಕುಳಿಯು ಸುಮಾರು 4 ಕಿಲೋಮೀಟರ್ ಅಗಲವೂ ಸುಮಾರು 1,200 ಮೀಟರ್ ಆಳವೂ ಆಗಿದೆ.

ಬಾವಿ ತೋಡಿದವರು ಒಂದು ಸಂಗತಿಯನ್ನು ಬಲ್ಲರು. ದಡವನ್ನು ನೆಟ್ಟಗೆ ಕಡಿದರೆ ಅದು ಕುಸಿಯುವದು. ಓರೆಯಾಗಿ ಕಡಿದರೆ ಹೊರುವ ಮಣ್ಣು ಹೆಚ್ಚುವದು. ಗಣಿಯ ಕಷ್ಟವೂ ಇದೇ. 2013ನೆಯ ಏಪ್ರಿಲ್ 10ರ ರಾತ್ರಿ ಅಲ್ಲಿಯ ಒಂದು ಪಕ್ಕವು ಎರಡು ಸಾರಿ ಜರಿದು, ಸುಮಾರು 14 ಕೋಟಿ ಟನ್ನು ಕಲ್ಲು ಕೆಳಗೆ ಬಿತ್ತು. ಆದರೂ ಒಬ್ಬನಿಗಾದರೂ ಗಾಯವಾಗಲಿಲ್ಲ. ಯಾಕಂದರೆ ಗೋಡೆಯು ಕೂದಲೆಳೆಯಷ್ಟು ಕದಲಿದರೂ ತೋರಿಸುವ ಯಂತ್ರಗಳನ್ನು ಇಟ್ಟಿದ್ದರು. ಅವುಗಳ ಎಚ್ಚರಿಕೆಯನ್ನು ಅಲಕ್ಷ್ಯಮಾಡದೆ ಕೆಲಸದವರನ್ನು ಮುಂಚಿತವಾಗಿ ಹೊರಗೆ ಕಳುಹಿಸಿದ್ದರು.

ಮತ್ತೊಂದು ನಷ್ಟವನ್ನು ಯಾವ ಯಂತ್ರವೂ ತಪ್ಪಿಸಲಿಲ್ಲ. ಆ ಕಣಿವೆಯಲ್ಲಿ ನಾನಾ ದೇಶಗಳಿಂದ ಬಂದ ಕೂಲಿಗಾರರು ಕಟ್ಟಿದ ಊರೊಂದು ಇತ್ತು. ಕುಳಿಯು ಅಗಲವಾದಂತೆ ಮನೆಗಳು ಒಂದೊಂದಾಗಿ ಹೋದವು. 1971ರಲ್ಲಿ ಊರಾಡಳಿತವೇ ಮುಗಿಯಿತು. ಯಾರ ದುಡಿತದಿಂದ ಗಣಿ ಬೆಳೆಯಿತೋ ಅವರ ಊರನ್ನೇ ಗಣಿಯು ನುಂಗಿತು. ಬೆಳಗಿದ ತಂಬಿಗೆಯನ್ನು ಕೈಯಲ್ಲಿ ಹಿಡಿದಾಗ, ಅದರ ಬೆಲೆಯು ಅಂಗಡಿಯಲ್ಲಿ ಕೊಟ್ಟ ಹಣವೊಂದೇ ಅಲ್ಲವೆಂದು ನೆನಪಿಡೋಣ.